ಕಡಲಿಗೆ ಹೆಪ್ಪು ಹಾಕುವ ಶಿವರುದ್ರಪ್ಪ

ಪುಣೆಯ ಹಡಪಸರದ ಒಂದು ಹಳೆಯ ಮನೆಯ ಮಾಳಿಗೆಯ ಮೇಲೆ ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಕೆಳಗೆ ಸೋಲಾಪುರ ರಸ್ತೆಯಲ್ಲಿ ಮೊದಲ ಬಸ್ಸುಗಳು ಗುರುಗುಟ್ಟುತ್ತಿವೆ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮೇಲೆ ಬಂದಿರುವ ಶಿವರುದ್ರಪ್ಪ ನೀಲಿ ಪೀಪಾಯಿಯ ನೀರಿಗೆ ಉಪ್ಪು ಸುರಿದು ಉದ್ದನೆಯ ಕೋಲಿನಿಂದ ತಿರುವುತ್ತಿದ್ದಾರೆ. ಅವಸರವಿಲ್ಲ. ಮಜ್ಜಿಗೆ ಕಡೆಯುವವರ ಕೈ ಹೇಗೆ ಒಂದೇ ಲಯಕ್ಕೆ ಬಿದ್ದುಬಿಡುತ್ತದೋ ಹಾಗೆ ಅವರ ಕೈ ತನ್ನಷ್ಟಕ್ಕೆ ತಿರುಗುತ್ತದೆ, ತುಟಿ ತನ್ನಷ್ಟಕ್ಕೆ ಶಿವನಾಮ ಹೇಳುತ್ತದೆ.

ಪೂರ್ವ ಬೆಳ್ಳಗಾದ ಮೇಲೆ ಒಂದು ಹನಿ ನೀರನ್ನು ಪುಟ್ಟ ದುರ್ಬೀನಿನಂಥ ಸಾಧನದ ಗಾಜಿಗೆ ಸವರಿ, ಅದನ್ನು ಸೂರ್ಯನ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಉಪ್ಪಿನ ಹದ ಅಲ್ಲಿ ಕಾಣುತ್ತದೆ. ಚಹದ ಬಟ್ಟಲು ಹಿಡಿದು ಮೆಟ್ಟಿಲೇರಿ ಬಂದ ಹೆಂಡತಿ ರುದ್ರವ್ವ ನಗುತ್ತಾರೆ. "ನೋಡ್ರಿ ಇವರ್ನ. ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾಗ್ಯದೋ ಕಡಿಮಿ ಆಗ್ಯದೋ ಗೊತ್ತಾಗಂಗಿಲ್ಲ, ಸುಮ್ನ ಉಣ್ತಾರ. ಮೀನಿಗೆ ಮಾತ್ರ ಸೂರ್ಯಪ್ಪನ್ನ ಸಾಕ್ಷಿ ಕರೀತಾರ!"

"ನಿನ್ನ ಸಾರು ಹೆಂಗಿದ್ರೂ ನಾ ಸಾಯಂಗಿಲ್ಲ," ಎನ್ನುತ್ತಾರೆ ಶಿವರುದ್ರಪ್ಪ. "ಅವು ಸಾಯ್ತಾವ."

ಪುಣೆಯಿಂದ ಕಡಲಿಗೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಆದರೆ ಈ ಊರಿನ ಎಷ್ಟೋ ಮನೆಗಳ ನಡುಮನೆಯಲ್ಲಿ, ದವಾಖಾನೆಗಳ ಕಾಯುವ ಕೋಣೆಗಳಲ್ಲಿ, ಗಾಜಿನ ತೊಟ್ಟಿಯೊಳಗೆ ಒಂದೊಂದು ತುಂಡು ಕಡಲಿದೆ. ಹವಳ ಅರಳುತ್ತದೆ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಕರ್ ಮೀನು ಸುಳಿದಾಡುತ್ತದೆ, ಮಕ್ಕಳು ಮೂಗು ಒತ್ತಿಕೊಂಡು ನಿಲ್ಲುತ್ತಾರೆ. ಅದರ ಹಿಂದೆ ಉಪ್ಪುನೀರಿನ ಡಬ್ಬಿ ಹೊತ್ತು ತಿರುಗುವ ಒಬ್ಬ ಮನುಷ್ಯನಿದ್ದಾನೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಖರಾಡಿಯ ಎತ್ತರದ ಕಟ್ಟಡಗಳಿಗೆ ಅವರು ಸಾಮಾನು ಸಾಗಿಸುವ ಲಿಫ್ಟಿನಲ್ಲೇ ಏರಬೇಕು. ಗೇಟಿನ ಕಾವಲುಗಾರರು ಮಾತ್ರ ಗುರುತು ಹಿಡಿಯುತ್ತಾರೆ. ಸ್ಕೂಟರಿನ ಎರಡೂ ಬದಿ ತೂಗುವ ಡಬ್ಬಿ ಕಂಡ ಕೂಡಲೇ ಮರಾಠಿಯಲ್ಲಿ ಕೂಗುತ್ತಾರೆ: "ಸಮುದ್ರ ಆಲಾ ರೇ!" ಸಮುದ್ರ ಬಂತಪ್ಪೋ ಎಂದು.

ಗಾಜಿನ ಪಾಚಿ ಕೆರೆಯುವುದು, ಹಳೆಯ ನೀರು ಒಂದಷ್ಟು ತೆಗೆದು ಹೊಸದು ಹಾಕುವುದು, ನೊರೆ ತೆಗೆಯುವ ಯಂತ್ರ ತೊಳೆಯುವುದು, ತಾಸುಗಟ್ಟಲೆ ನೀರೊಳಗೆ ಕೈ ಇಳಿಬಿಟ್ಟು ಹವಳದ ತುಣುಕು ಅಂಟಿಸುವುದು. ಇದು ದಿನದ ಕೆಲಸ. ಉಪ್ಪುನೀರಿಗೆ ಬೆರಳ ಸಂದಿ ಸೀಳುತ್ತದೆ. ರುದ್ರವ್ವ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋದರೆ ದೂರದ ತಳೇಗಾಂವದಿಂದಲೂ ಫೋನು ಬರುತ್ತದೆ, ನೀರು ಬಿಸಿಯಾಗುತ್ತಿದೆ ಎಂದು. ಹೋಗಿ ನೋಡುವಷ್ಟರಲ್ಲಿ ಒಮ್ಮೊಮ್ಮೆ ಎಲ್ಲ ಮುಗಿದಿರುತ್ತದೆ. ಅಂಥ ದಿನ ಮನೆಗೆ ಬಂದವರೇ ಖಾಲಿ ಡಬ್ಬಿ ತೊಳೆಯುತ್ತ ಕೂರುತ್ತಾರೆ. "ಜೀವ ಅಲ್ರಿ?" ಎನ್ನುತ್ತಾರೆ, ಅಷ್ಟೆ.

ಶಿವರುದ್ರಪ್ಪನವರ ಊರು ಇಂಡಿ ಕಡೆಯದು, ಭೀಮೆಯ ದಂಡೆ. ಪುಣೆಯಲ್ಲಿ ಹರಿಯುವ ನೀರೇ ಸುತ್ತಿ ಬಳಸಿ ಭೀಮೆಯನ್ನು ಕೂಡಿ ಅವರೂರ ಮುಂದೆ ಹಾಯುತ್ತದೆ. "ನಾ ನೀರು ಬಂದ ದಾರಿ ಹಿಡದು ಮ್ಯಾಲ ಬಂದಾವ," ಎಂದು ತಮಾಷೆ ಮಾಡುತ್ತಾರೆ. ಮೀಸೆ ಚಿಗುರುವ ವಯಸ್ಸಿನಲ್ಲಿ, ಪೇಟೆಯ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾಗಿದ್ದ ಸೋದರಮಾವನ ಬೆನ್ನಿಗೆ ಬಿದ್ದು ಬಂದವರು. ಲೆಕ್ಕ ಬರೆಯುವ ಕೆಲಸ ಕೈಗೆ ಹತ್ತಲಿಲ್ಲ. ಅದೇ ಗಲ್ಲಿಯಲ್ಲಿ ದತ್ತೂಕಾಕಾ ಎಂಬುವರ ಮೀನಿನ ಅಂಗಡಿ ಇತ್ತು. ಸಾಲು ಗಾಜಿನ ಪೆಟ್ಟಿಗೆ, ಒಳಗೆ ಹಳದಿ ದೀಪ, ಗುಳುಗುಳು ಗುಳ್ಳೆ. ಅದರ ಮುಂದೆ ನಿಂತ ಹುಡುಗನನ್ನು ನೋಡಿ ಕಾಕಾ, ಒಳಗೆ ಬಾ, ಆ ಬಕೆಟ್ಟು ಎತ್ತು ಎಂದರಂತೆ. ಎತ್ತಿದ ಬಕೆಟ್ಟು ಇಂದಿಗೂ ಇಳಿಸಿಲ್ಲ.

ಆಗೆಲ್ಲ ಉಪ್ಪಿನ ಚೀಲ ಸಿಗುತ್ತಿರಲಿಲ್ಲ. ಟೆಂಪೋದಲ್ಲಿ ಪೀಪಾಯಿ ಹೇರಿಕೊಂಡು ಘಟ್ಟ ಇಳಿದು ಕಡಲ ನೀರನ್ನೇ ತರುತ್ತಿದ್ದರು. ಮೊದಲ ಸಲ ಕಡಲು ಕಂಡಾಗ ಶಿವರುದ್ರಪ್ಪ ಚಪ್ಪಲಿ ಕಳೆದು ನಿಂತುಬಿಟ್ಟರು, ಗುಡಿಯ ಮುಂದೆ ನಿಂತ ಹಾಗೆ. "ಕಾಕಾ, ಇಷ್ಟು ನೀರಿಗೆ ಕಾವಲು ಯಾರು?" ಎಂದು ಕೇಳಿದ್ದಕ್ಕೆ ಕಾಕಾ ಹೊಟ್ಟೆ ಹಿಡಿದು ನಕ್ಕರು. ಆ ಸಲ ಒಂದು ಬಾಟಲಿ ತುಂಬ ಕಡಲ ನೀರನ್ನು ಊರಿಗೆ ಒಯ್ದಿದ್ದರು. ತಾಯಿ ಯಮನವ್ವ ಅದನ್ನು ಜಗಲಿಯ ಮೇಲೆ ದೇವರ ಬಳಿ ಇಟ್ಟು, ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು, ಬೆರಗಿನಿಂದ ಕೇಳಿದರು. "ಇಷ್ಟಕ್ಕೆಲ್ಲಾ ಉಪ್ಪು ಹಾಕಿದಾಕಿ ಯಾರೋ ಯಪ್ಪಾ? ಕೈ ಸೋತಿರಬೇಕು ಆಕಿಂದು."

ಕಾಕಾನ ಅಂಗಡಿಯಲ್ಲೇ ಶಿವರುದ್ರಪ್ಪ ತಮ್ಮ ಬದುಕಿನ ವಿದ್ಯೆ ಕಲಿತದ್ದು. ಹೊಸ ತೊಟ್ಟಿ, ಹೊಸ ಮರಳು, ಕನ್ನಡಿಯಂಥ ನೀರು. ಎಲ್ಲ ಹೊಸದಾಗಿದ್ದರೆ ಮೀನು ಬದುಕುತ್ತಿರಲಿಲ್ಲ. ಒಂದು ದಿನ ಕಾಕಾ ಹಳೆಯ ತೊಟ್ಟಿಯಿಂದ ಒಂದು ಹಿಡಿ ಕೊಳಕು ಮರಳು ತೆಗೆದು ಹೊಸದಕ್ಕೆ ಹಾಕಿ, ಸುಮ್ಮನೆ ಬಿಡು, ಕಾಯಿ ಎಂದರು. "ಘಾಈ ನಕೊ," ಅವಸರ ಬೇಡ, ಅದು ಕಾಕಾನ ಮಂತ್ರ. ಕಣ್ಣಿಗೆ ಕಾಣದ ಜೀವಗಳು ಆ ಮರಳಲ್ಲಿರುತ್ತವೆ. ಮೀನಿನ ಹೊಲಸನ್ನು ತಿಂದು ನೀರನ್ನು ಹಸನು ಮಾಡುವವು ಅವೇ. ಅವು ಹೊಸ ಮನೆಯಲ್ಲಿ ಹಬ್ಬಬೇಕು, ಹಬ್ಬಲು ಕಾಲ ಬೇಕು. ಹುಡುಗ ಶಿವರುದ್ರಪ್ಪನಿಗೆ ಇದು ಥಟ್ಟನೆ ತಿಳಿಯಿತು. "ಇದು ಹೆಪ್ಪು!" ಎಂದ. ಹೆಪ್ಪು ಎಂದರೇನೆಂದು ಕಾಕಾನಿಗೆ ಹೇಳಲು ಕೈಯಲ್ಲಿ ಹಾಲು, ಮೊಸರು, ಗಡಿಗೆ ಎಲ್ಲ ಆಡಿಸಿ ತೋರಿಸಬೇಕಾಯಿತು. ಕಾಕಾ ಕಣ್ಣರಳಿಸಿದರು: "ಅರೇ, ವಿರಜಣ!" ಅಂದಿನಿಂದ ಅಂಗಡಿಯಲ್ಲಿ ಆ ಮರಳಿಗೆ ಎರಡು ಹೆಸರು.

ಮೊಣಕಾಲು ಸೋತು ಕಾಕಾ ಅಂಗಡಿ ಮುಚ್ಚಿದಾಗ ಗಾಜು, ದೀಪ ಎಲ್ಲ ಯಾರಾರಿಗೋ ಹೋದವು. ಶಿವರುದ್ರಪ್ಪ ಕೇಳಿದ್ದು ಹಳೆಯ ತೊಟ್ಟಿಯ ಮರಳು ಮತ್ತು ಕಲ್ಲು ಮಾತ್ರ. ಅದು ಈಗ ಹಡಪಸರದ ಮಾಳಿಗೆಯ ತಗಡಿನ ಮಾಡಿನ ಕೆಳಗಿದೆ. ಕಡಲಿನಿಂದ ಹವಳ, ಕಲ್ಲು ಕೀಳುವುದು ಕಾನೂನಿಗೆ ವಿರುದ್ಧ. ಅವರು ಕೀಳಿಸುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಬರಡು ಕಲ್ಲನ್ನು ತಂದು ಈ ಹಳೆಯ ನೀರಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಸುಣ್ಣದಂತೆ ಬಿಳಿಯಿದ್ದ ಕಲ್ಲು ನಿಧಾನಕ್ಕೆ ನೇರಳೆ ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಜೀವಗಳ ಮನೆಯಾಗುತ್ತದೆ. ಅದೇ ಅವರ ಹೆಪ್ಪುಗಲ್ಲು. ಹವಳವನ್ನೂ ಒಂದು ತೊಟ್ಟಿಯಲ್ಲಿ ಬೆಳೆದದ್ದನ್ನು ಕತ್ತರಿಸಿ ಇನ್ನೊಂದಕ್ಕೆ ನೆಡುತ್ತಾರೆ, ದಾಸವಾಳದ ಟೊಂಗೆ ನೆಟ್ಟಂತೆ.

ಇಷ್ಟು ಹೇಳಿದ ಮೇಲೆ ಖರಾಡಿಯ ಮನೆಯ ಸಂಗತಿ ಹೇಳಬೇಕು. ಈ ವರ್ಷ ಶಿವರುದ್ರಪ್ಪನವರ ಮನಸ್ಸನ್ನು ಕಾಡಿದ್ದು ಅದೊಂದೇ.

ಅವಿನಾಶ್, ಸಿಂಧೂರ ಇಬ್ಬರೂ ಐಟಿ ಕಂಪನಿಯವರು. ಜೊತೆಗಿರುವುದು ಅವಿನಾಶ್ ಅವರ ತಾಯಿ ಅನ್ನಪೂರ್ಣಮ್ಮ, ಅರಸೀಕೆರೆ ಕಡೆಯವರು. ಅವರ ಮನೆಯ ತೊಟ್ಟಿಗೆ ಆಗ ಎರಡು ವರ್ಷ ತುಂಬಿತ್ತು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತ ಕೂರುವವರು ಅನ್ನಪೂರ್ಣಮ್ಮ. ಜೋಕರ್ ಮೀನಿನ ಜೋಡಿಗೆ ಬೀಗರು ಎಂದು ಹೆಸರಿಟ್ಟಿದ್ದರು. "ಯಾವಾಗ ನೋಡಿದ್ರೂ ಮುಖ ಊದಿಸ್ಕೊಂಡೇ ಇರ್ತಾವೆ, ಥೇಟು ಬೀಗರೇ!" ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಬಸವನಹುಳುಗಳಿಗೆ ಬೆಳಿಗ್ಗೆ ಕೈ ಮುಗಿಯುತ್ತಿದ್ದರು.

ತೊಟ್ಟಿಯಿಂದ ದಿನವೂ ಒಂದಿಷ್ಟು ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರನ್ನು ಸೇರಿಸಬೇಕು. ಯಂತ್ರದಲ್ಲಿ ಶುದ್ಧವಾದ ನೀರನ್ನು ಸಿಂಧೂರ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಒಂದು ದಿನ ಊರಿಗೆ ಹೊರಟಿದ್ದ ಶಿವರುದ್ರಪ್ಪ ಅನ್ನಪೂರ್ಣಮ್ಮನವರಿಗೆ ಹೇಳಿದರು: "ಅಮ್ಮಾರ, ನಾ ಬರೂತನಕ ದಿನಾ ಒಂದೀಟು ನೀರು ನೀವ ಹಾಕ್ರಿ. ಒಳ್ಳೆ ನೀರು ಹಾಕ್ರಿ ಮತ್ತ."

ಒಳ್ಳೆ ನೀರು. ಅವರ ಬಾಯಲ್ಲಿ ಆ ಮಾತಿನ ಅರ್ಥ ಯಂತ್ರದ ನೀರು. ಅನ್ನಪೂರ್ಣಮ್ಮನವರ ಮನೆತನದಲ್ಲಿ ಒಳ್ಳೆ ನೀರೆಂದರೆ ಒಂದೇ: ರಾತ್ರಿಯೆಲ್ಲ ತಾಮ್ರದ ಕೊಡದಲ್ಲಿಟ್ಟದ್ದು. ತಾವು ಕುಡಿಯುವುದು ಅದು, ದೇವರಿಗೆ ಇಡುವುದು ಅದು. ಡಬ್ಬಿಯ ಸಪ್ಪೆ ನೀರನ್ನು ಆ ಜೀವಗಳಿಗೆ ಯಾಕೆ ಹಾಕಬೇಕು? ದಿನವೂ ಸ್ನಾನ ಮಾಡಿ, ಕೊಡದ ನೀರನ್ನು ಚೊಂಬಿನಲ್ಲಿ ತಂದು ಅಭಿಷೇಕದಂತೆ ಸಣ್ಣ ಧಾರೆಯಾಗಿ ಎರೆದರು.

ಮನುಷ್ಯನಿಗೆ ಹಿತವಾದ ತಾಮ್ರ ಹವಳಕ್ಕೂ ಬಸವನಹುಳುವಿಗೂ ವಿಷ. ಶಿವರುದ್ರಪ್ಪ ಊರಿಂದ ಬರುವ ಹೊತ್ತಿಗೆ ಬಸವನಹುಳುಗಳು ಗಾಜು ಬಿಟ್ಟು ತಳಕ್ಕೆ ಬಿದ್ದಿದ್ದವು. ಹವಳ ಮೈ ಮುದುಡಿಕೊಂಡಿತ್ತು. ಅವರಿಗೆ ಕಾರಣ ಹೊಳೆಯಲಿಲ್ಲ. ಹೊಸ ಉಪ್ಪಿನ ಚೀಲದ್ದೇ ದೋಷವೆಂದು ನೀರು ಬದಲಿಸುತ್ತ ಹೋದರು. ತಾಮ್ರವೆಂದು ಪರೀಕ್ಷೆ ಮಾಡಿ ಕಂಡುಹಿಡಿದವರು ಅವಿನಾಶ್. ಅಷ್ಟರಲ್ಲಿ ಮರಳು, ಕಲ್ಲು ಎಲ್ಲ ಅದನ್ನು ಹೀರಿಕೊಂಡಿದ್ದವು. ಉಳಿದದ್ದು ಬೀಗರಿಬ್ಬರೇ. ಅವನ್ನು ಶಿವರುದ್ರಪ್ಪ ಬಕೆಟ್ಟಿನಲ್ಲಿ ಹಡಪಸರಕ್ಕೆ ತಂದು ಇಟ್ಟುಕೊಂಡರು.

ಯಾರೂ ಅನ್ನಪೂರ್ಣಮ್ಮನವರನ್ನು ಒಂದು ಮಾತು ಅನ್ನಲಿಲ್ಲ. ಅದೇ ಅವರಿಗೆ ಹೆಚ್ಚಾಯಿತೋ ಏನೋ. ಕುರ್ಚಿಯನ್ನು ಬಾಲ್ಕನಿಗೆ ಒಯ್ದುಕೊಂಡರು. ಖಾಲಿ ತೊಟ್ಟಿಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಎದುರು ಸಿಕ್ಕಿದ ಶಿವರುದ್ರಪ್ಪ, "ಅಮ್ಮಾರ, ಮಾತು ನಂದ, ನಾ ಬಿಡಿಸಿ ಹೇಳಲಿಲ್ರಿ," ಎಂದರೆ, "ಕೈ ನಂದು ಅಲ್ವೇನಪ್ಪ," ಎಂದು ಒಳಗೆ ಹೋದರು.

ಕೆಲವು ತಿಂಗಳ ಮೇಲೆ ಹೊಸ ಗಾಜಿನ ತೊಟ್ಟಿ ಬಂತು. ಆಗ ಎದ್ದದ್ದು ನಿಜವಾದ ಪ್ರಶ್ನೆ: ಇದನ್ನು ಯಾವ ದಾರಿಯಲ್ಲಿ ನಡೆಸುವುದು? ಅವಿನಾಶ್ ಎಲ್ಲ ಓದಿಕೊಂಡಿದ್ದರು. ತಳಕ್ಕೆ ಮರಳೇ ಬೇಡ, ಬರಿ ಗಾಜು, ಹೊಲಸು ನಿಲ್ಲುವುದಿಲ್ಲ. ನೀರು ತಾನೇ ತುಂಬುವ ಪಂಪು, ಹವಳಕ್ಕೆ ಬೇಕಾದ ಸುಣ್ಣದ ಸತ್ವ ಹನಿಸುವ ಪಂಪು, ಏನಾದರೂ ಹೆಚ್ಚುಕಡಿಮೆಯಾದರೆ ಫೋನಿಗೆ ಗಂಟೆ. "ಫುಲ್ ಆಟೋಮ್ಯಾಟಿಕ್. ಅಮ್ಮ ಏನೂ ಮುಟ್ಟೋ ಹಾಗೇ ಇಲ್ಲ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು.

ಶಿವರುದ್ರಪ್ಪನವರ ದಾರಿ ಹಳೆಯದು. ತಳಕ್ಕೆ ದಪ್ಪ ಮರಳು, ಹೆಪ್ಪುಗಲ್ಲು, ಕಡಿಮೆ ಮೀನು, ಬಹಳ ತಾಳ್ಮೆ. ಯಂತ್ರ ಕಡಿಮೆ, ದಿನವೂ ನೋಡುವ ಕಣ್ಣು, ನೀರು ಹಾಕುವ ಕೈ ಬೇಕು. ಆದರೆ ಅದೇ ಮೇಲೆಂದು ಅವರು ವಾದಿಸಲಿಲ್ಲ. "ಸಾಹೇಬ್ರ, ಎರಡೂ ದಾರಿ ಊರಿಗೇ ಹೋಗ್ತಾವ. ನಿಮ್ಮ ದಾರಿಯಿಂದ ಭಾಳ ಚಂದ ಬೆಳದದ್ದು ನಾ ನೋಡೇನಿ. ಹತ್ತು ವರ್ಷ ಬಾಳಬೇಕಂದ್ರ ಒಂದು ಹಿಡೀರಿ, ಬಿಡಬ್ಯಾಡ್ರಿ. ನಡಕ ದಾರಿ ಬದಲ ಮಾಡಿದಾವ ಮುಳ್ಳಿನಾಗ ಬೀಳ್ತಾನ."

ಕೊನೆಗೆ ಮಾತು ಹೇಳಿದ್ದು ಸಿಂಧೂರ. "ಅವಿ, ಡೇ ಟೈಮಲ್ಲಿ ಇದರ ಜೊತೆ ಇರೋದು ಯಾರು? ಅತ್ತೆ. ಅವರು ನೋಡ್ಕೋತೀನಿ ಅಂದ್ರೆ ಇವರು ಹೇಳೋ ಥರ ಮಾಡೋಣ. ಅವರು ಕೈ ಇಡಲ್ಲ ಅಂದ್ರೆ ನಿನ್ನ ಪಂಪೇ ಸರಿ."

ಎಲ್ಲರೂ ಅಡುಗೆಮನೆಯ ಕಡೆ ನೋಡಿದರು. ಒಳಗಿನಿಂದ ಉತ್ತರ ಬಂತು: "ನನ್ನ ಕೈ ಬೇಡಮ್ಮ. ಮಷೀನೇ ಹಾಕ್ಸಿ."

ಹೆಂಗಸೊಬ್ಬಳು ತನ್ನ ಕೈಯನ್ನೇ ನಂಬದಂತಾಗುವುದು ಸಣ್ಣ ಸಂಗತಿಯಲ್ಲ. ಶಿವರುದ್ರಪ್ಪ ಅಂದೂ ಮನೆಗೆ ಬಂದು ಖಾಲಿ ಡಬ್ಬಿ ತೊಳೆಯುತ್ತ ಕೂತರು. ಈ ಸಲ ಮೀನು ಸತ್ತಿರಲಿಲ್ಲ, ಆದರೂ.

ಯಾವ ದಾರಿಯಾದರೂ ಹೆಪ್ಪುಗಲ್ಲು ಬೇಕೇ ಬೇಕು. ಅದನ್ನು ಒಯ್ಯಲು ಅವಿನಾಶ್ ಒಂದು ಸಂಜೆ ಆಫೀಸು ಮುಗಿಸಿ, ಮಗರಪಟ್ಟಾದ ಗಾಡಿಗಳ ಸಾಲು ದಾಟಿ, ಸುಸ್ತಾಗಿ ಹಡಪಸರಕ್ಕೆ ಬಂದರು. ರುದ್ರವ್ವ ಆಗಷ್ಟೇ ದೇವರಿಗೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದರು. ಅವಿನಾಶ್ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತು, "ಹೆಪ್ಪು ತಗೊಂಡು ಹೋಗೋಣ ಅಂತ ಬಂದೆ," ಎಂದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಬರ್ರಿ, ಕೂಡ್ರಿ, ಚಹಾ ಕುಡೀರಿ," ಎಂದರು ರುದ್ರವ್ವ. "ಆದ್ರ ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಂಗಿಲ್ರೀ."

"ಅಯ್ಯೋ, ಇದು ಮೊಸರಲ್ಲ ಆಂಟಿ! ಕಲ್ಲು!"

"ಹೆಸರು ಹೆಪ್ಪು ಅಂತ ಕರದ್ರಲ್ಲ ನೀವ? ಇನ್ನ ಆತು ಬಿಡ್ರಿ."

ಅವಿನಾಶ್ ಸಹಾಯಕ್ಕಾಗಿ ಶಿವರುದ್ರಪ್ಪನವರ ಕಡೆ ನೋಡಿದರು. ಅವರು ತಲೆ ಕೆರೆದುಕೊಂಡರು. "ನಮ್ಮವ್ವ ಯಾರ ಬಂದ್ರೂ ಹೆಪ್ಪು ಇಲ್ಲ ಅಂದಾಕಿ ಅಲ್ರಿ. ಜಗಳ ಆಡಿದ ಮನಿಗೂ ಕೊಡಾಕಿ. ಆದ್ರ ದೀಪ ಹಚ್ಚಿದ ಮ್ಯಾಲ ಲಕ್ಷ್ಮಿ ಹೊರಗ ಹೋಗ್ತಾಳಂತ ಕೊಡತಿರಲಿಲ್ಲ. ಮುಂಜಾನೆ ಬರ್ರಿ. ನಾನ ತಂದು ಕೊಡ್ತಿದ್ದೆ ಖರೇ, ಆದ್ರ ಹೆಪ್ಪು ಬೇಕಾದವರು ಬಂದು ಒಯ್ಯಬೇಕು. ಹಂಗ ಬಂದದ ಅದು."

ಚಹ ಕುಡಿದು, ಖಾಲಿ ಬಕೆಟ್ಟು ತೆಗೆದುಕೊಂಡು ಅವಿನಾಶ್ ವಾಪಸಾದರು. ಮನೆಗೆ ಹೋದವರೇ ತಾಯಿಯ ಮುಂದೆ ರೇಗಾಡಿದರಂತೆ. ಕೆಲಸ ಕೊಡೋರು ನಾವು, ಕಲ್ಲು ಕೊಡೋಕೆ ದೀಪದ ಕಥೆ ಹೇಳ್ತಾರೆ ಎಂದು. ಅನ್ನಪೂರ್ಣಮ್ಮ ಅನ್ನ ಬಡಿಸುತ್ತಿದ್ದವರು ಸೌಟು ನಿಲ್ಲಿಸಿದರು.

"ಏನು ಅಂತ ಕೇಳ್ದೆ ನೀನು?"

"ಹೆಪ್ಪು ಅಂತ."

"ದೀಪ ಹಚ್ಚಿದ ಮೇಲೆ ಹೆಪ್ಪು ಕೇಳೋಕೆ ಹೋಗಿದ್ಯಾ? ಮಾನ ಕಳೆದ್ಯಲ್ಲೋ! ನಿಮ್ಮಜ್ಜಿ ಇದ್ದಿದ್ರೆ ಬೆನ್ನಿಗೆ ಬಿಡೋರು. ಅವರು ಸರಿಯಾಗೇ ಹೇಳಿದ್ದಾರೆ, ನಾವೂ ಕೊಡ್ತಿರ್ಲಿಲ್ಲ." ಅನ್ನ ಬಡಿಸಿ, ಮತ್ತೆ ಕೇಳಿದರು. "ಆ ತೊಟ್ಟಿಗೂ ಹೆಪ್ಪು ಹಾಕ್ತಾರೇನೋ?"

ಅದುವರೆಗೆ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಬ್ಯಾಕ್ಟೀರಿಯಾ, ಸೈಕಲ್, ಫಿಲ್ಟರ್ ಎಂದಿದ್ದರು. ಶಿವರುದ್ರಪ್ಪನವರು ಕೂಡ ದೊಡ್ಡ ಮನೆಯಲ್ಲಿ ದೊಡ್ಡ ಮಾತಾಡಬೇಕೆಂದು ಆ ಮನೆಯಲ್ಲಿ ಅವೇ ಮಾತುಗಳನ್ನು ಆಡುತ್ತಿದ್ದರು. ಹೆಪ್ಪು ಎಂಬ ಮಾತು ಅವಿನಾಶ್ ಕಿವಿಗೆ ಬಿದ್ದದ್ದೂ ಫೋನಿನಲ್ಲಿ, ಅವರ ಬಾಯಿ ತಪ್ಪಿ.

ಮರುದಿನ ಬೆಳಿಗ್ಗೆ ಶಿವರುದ್ರಪ್ಪ ಉಪ್ಪು ತಿರುವುತ್ತಿರುವಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಮುಂದೆ ಅನ್ನಪೂರ್ಣಮ್ಮ, ಮಡಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಹಿಂದೆ ಬಕೆಟ್ಟು ಹೊತ್ತ ಮಗ. ರುದ್ರವ್ವ ಓಡಿ ಬಂದು ಕೈ ಹಿಡಿದು, ಕುಂಕುಮ ಹಚ್ಚಿದರು. ಮಾಡಿನ ಕೆಳಗೆ ತೊಟ್ಟಿಯಲ್ಲಿ ಬೀಗರಿಬ್ಬರೂ ಮುಖ ಊದಿಸಿಕೊಂಡೇ ಇದ್ದರು. ಅನ್ನಪೂರ್ಣಮ್ಮ ಗಾಜಿನ ಮುಂದೆ ಬಹಳ ಹೊತ್ತು ನಿಂತರು. ಕಲ್ಲಿನ ನೇರಳೆ ಬಣ್ಣ, ಸಂದಿಯಿಂದ ಇಣುಕುವ ಹುಳುಹುಪ್ಪಟೆ, ಮರಳ ಕಪ್ಪು ಕಂದು ಪದರ ಎಲ್ಲ ನೋಡಿದರು.

"ಇದನ್ನ ಹಾಕಿದ್ರೆ ಎಷ್ಟು ದಿನಕ್ಕೆ ಹೆಪ್ಪಾಗುತ್ತೆ?"

"ಅದು ನೀರಿನ ಮನಸು ಅಮ್ಮಾರ. ತಿಂಗಳುಗಟ್ಟಲೆ ಆಗ್ತದ. ನಡುವ ಕಲಕಬಾರದು."

"ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬಾರದು ಅಂತ ನಂಗೆ ಹೇಳಿಕೊಡ್ತೀರಾ?" ಎಂದರು ಅನ್ನಪೂರ್ಣಮ್ಮ, ತುಸು ಬಿರುಸಾಗಿಯೇ. ಆ ಬಿರುಸು ಕೇಳಿ ಶಿವರುದ್ರಪ್ಪನವರಿಗೆ ಎದೆ ಹಗುರಾಯಿತು. ಅವರು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿನ ಉಪ್ಪುನೀರಿಗೆ ಇಳಿಸಿದರು. ಹೆಪ್ಪು ಕೊಟ್ಟವರು ಕೊಟ್ಟೆ ಎನ್ನಬಾರದು, ಒಯ್ದವರು ಉಪಕಾರ ಎನ್ನಬಾರದು. ಯಾರೂ ಅನ್ನಲಿಲ್ಲ.

ಖರಾಡಿಯ ತೊಟ್ಟಿಗೆ ಮರಳು ಬಿತ್ತು. ಅವಿನಾಶ್ ಅವರ ಪಂಪುಗಳಲ್ಲಿ ಸುಣ್ಣದ ಸತ್ವ ಹನಿಸುವುದೊಂದು ಉಳಿಯಿತು, ಅದು ಒಳ್ಳೆಯದೆಂದು ಶಿವರುದ್ರಪ್ಪನವರೇ ಒಪ್ಪಿದರು. ಡಬ್ಬಿಯ ಶುದ್ಧ ನೀರು ಹಾಕುವ ಕೆಲಸ ಅನ್ನಪೂರ್ಣಮ್ಮನವರ ಪಾಲಿಗೆ. ಕೆಲವು ವಾರಕ್ಕೆ ಮರಳ ಮೇಲೆಲ್ಲ ಕಂದು ಧೂಳಿನಂಥ ಪಾಚಿ ಹಬ್ಬಿತು. ಹೊಸ ತೊಟ್ಟಿಗಳಿಗೆ ಬರುವ ಕಾಯಿಲೆ ಅದು, ಬಂದ ಹಾಗೆ ಹೋಗುತ್ತದೆ. ಅವಿನಾಶ್ ಗಾಬರಿಯಾಗಿ ಎಲ್ಲ ತೆಗೆದು ತೊಳೆಯೋಣವೆಂದು ಕೊಳವೆ ಹಿಡಿದು ನಿಂತರೆ, ಅನ್ನಪೂರ್ಣಮ್ಮ ಕುರ್ಚಿ ತಂದು ತೊಟ್ಟಿಗೆ ಅಡ್ಡ ಹಾಕಿ ಕೂತುಬಿಟ್ಟರು. "ಮುಟ್ಟಿ ನೋಡು ಮತ್ತೆ!" ಆ ಸುದ್ದಿಯನ್ನು ಶಿವರುದ್ರಪ್ಪನವರಿಗೆ ನಗುತ್ತ ಹೇಳಿದ್ದು ಸಿಂಧೂರ. ಪಾಚಿ ಹೋಗಿ ನೀರು ಹದಕ್ಕೆ ಬಂದ ಮೇಲೆ ಬೀಗರೂ ಹವಳದ ತುಣುಕುಗಳೂ ಖರಾಡಿಗೆ ಹೋದವು.

ಇಂದು ಉಪ್ಪುನೀರು ಡಬ್ಬಿಗೆ ತುಂಬಿ, ಸ್ಕೂಟರಿಗೆ ಹಗ್ಗ ಬಿಗಿಯುತ್ತಿರುವಾಗ ಫೋನು ಬಡಿದುಕೊಳ್ಳುತ್ತದೆ. ಶಿವರುದ್ರಪ್ಪ ಕೈ ಒರೆಸಿಕೊಂಡು ಎತ್ತುತ್ತಾರೆ. ಹೂಂ, ಹೌದ್ರಿ, ಆಗ್ಲಿ ಅಮ್ಮಾರ, ಆಗ್ಲಿ. ಇಷ್ಟೇ ಮಾತು. ಫೋನು ಕಿಸೆಗೆ ಇಟ್ಟು, ಬಿಗಿದ ಡಬ್ಬಿಗಳಲ್ಲಿ ಎರಡನ್ನು ಬಿಚ್ಚಿ ಕೆಳಗಿಡುತ್ತಾರೆ.

"ಯಾರ್ರೀ ಅದು?" ಎಂದು ರುದ್ರವ್ವ ಕಿಟಕಿಯಿಂದ ಇಣುಕುತ್ತಾರೆ.

"ಖರಾಡಿ ಅಮ್ಮಾರು. ಈ ವಾರ ಬರಬ್ಯಾಡ ಅಂದ್ರು."

"ಯಾಕ? ಮತ್ತೇನು ಕೆಟ್ಟತು?"

"ಏನೂ ಕೆಟ್ಟಿಲ್ಲ. ನೀರು ತಿಳಿ ಅದ, ಹವಳ ಕವಲು ಒಡದದ, ಗಾಜು ತಾವ ಒರಿಸ್ಯಾರ. ನೀವು ಬಂದು ಕೈ ಹಾಕಿ ಕಲಕಬ್ಯಾಡ್ರಿ ಅಂತ ನನಗ ಗದರಿಸಿದ್ರು."

"ಎಲ್ಲಾ ಮನಿಯವರೂ ಹಿಂಗ ಬರಬ್ಯಾಡ ಅಂದ್ರ ನಾವು ಉಣ್ಣೂದೇನು?"

ಶಿವರುದ್ರಪ್ಪ ಗಾಡಿ ಚಾಲು ಮಾಡುತ್ತಾರೆ. ಮುಖದ ತುಂಬ ನಗೆ. "ಶಿವ ಏನು ಕೊಡ್ತಾನೋ ಅದು," ಎನ್ನುತ್ತಾರೆ. "ಆದ್ರ ರುದ್ರವ್ವ, ಅಮ್ಮಾರು ಗದರಿಸಿದ್ರು ನೋಡು. ಅದು ಭಾಳ ಚಲೋ ಕೇಳಸ್ತು."